ಮೂರು ಪ್ರತಿಯ ಅರ್ಜಿ

೧೯೪೯ರ ಆ ಶನಿವಾರದ ತನಕ ಕಾಗದಪತ್ರದ ವಿಷಯದಲ್ಲಿ ನನ್ನಿಂದ ತಪ್ಪಾದದ್ದೇ ಇಲ್ಲ. ಮೂವತ್ತು ವರ್ಷ ಮಾಸ್ತರನಾಗಿದ್ದವನು ನಾನು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಪೆನ್ಸಿಲು ಚೂಪು ಮಾಡುವುದು. ಪೆನ್ಷನ್ನಾದ ಮೇಲೂ ಪೆನ್ಸಿಲು ಚೂಪಾಗಿಯೇ ಇತ್ತು!

ನಮ್ಮ ಕಲ್ಯಾಣದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆಯುವವರಿದ್ದರು. ಅಲ್ಲಿ ಕಲಿಸಬೇಕೆಂಬುದು ಮಗಳು ಶಾಂತಾಳ ದೊಡ್ಡ ಆಸೆ. ಶನಿವಾರ ನಾಲ್ಕು ಗಂಟೆಯೊಳಗೆ ಅರ್ಜಿ ಹುಮನಾಬಾದಿನ ಕಚೇರಿಗೆ ಮುಟ್ಟಬೇಕು. ನಿಜಾಮರ ಆಡಳಿತ ಹೋಗಿ, ಉರ್ದುವಿನ ಕುರ್ಚಿಯಲ್ಲಿ ಇಂಗ್ಲಿಷ್ ಬಂದು ಕೂತಿದ್ದ ಕಾಲ. ನೋಟೀಸಿನ ಕೊನೆಯಲ್ಲಿ, ಅರ್ಜಿಯು ‘ಟ್ರಿಪ್ಲಿಕೇಟ್’ ಆಗಿರತಕ್ಕದ್ದು ಎಂದಿತ್ತು.

“ಮೂರು ಪ್ರತಿ ಅಂತ, ಅಪ್ಪಾ. ನಾ ಈಗೇ ಕುಂತು ಬರೀತೀನಿ,” ಎಂದಳು ಶಾಂತಾ.

“ತಡಿ! ಶಬ್ದದ ಬುಡ ತಿಳೀದೆ ಕೆಲಸಕ್ಕ ಕೈ ಹಾಕಬಾರದು.”

ನಿಘಂಟು ತೆರೆದೆ. ಟ್ರಿಪ್ಲಿಕೇಟಿನ ಅಣ್ಣ ಟ್ರಿಪಲ್. ಇಬ್ಬರ ಮನೆತನವೂ ಲ್ಯಾಟಿನ್ನಿನದು. ‘ಟ್ರಿ’ ಎಂದರೆ ಮೂರು, ನಮ್ಮ ಸಂಸ್ಕೃತದ ‘ತ್ರಿ’ಗೆ ನೆಂಟ. ಉಳಿದ ಭಾಗ ಮಡಿಕೆಗೆ ಸಂಬಂಧಪಟ್ಟದ್ದು. ನಾನು ಕುಳಿತಲ್ಲಿಂದ ಎದ್ದುಬಿಟ್ಟೆ! ಕನ್ನಡದಲ್ಲೂ ಮೂರು ಮತ್ತು ಮಡಿ ಸೇರಿಯೇ ಅಲ್ಲವೆ ಮುಮ್ಮಡಿ? ಕಡಲಾಚೆಯವರಿಗೂ ನಮಗೂ ಮೂರು ಪಟ್ಟು ಎಂದೊಡನೆ ಬಟ್ಟೆ ಮಡಿಸುವುದೇ ಏಕೆ ನೆನಪಾಯಿತು? ಈ ಯೋಚನೆಯಲ್ಲೇ ಮೂರು ದಿನ ಕಳೆದವು.

“ಏನ್ರೀ, ಶಬ್ದಾ ಆಮ್ಯಾಲೆ ಮಡಸರ್ರಿ. ಅರ್ಜಿ ಬರದಾತೇನು?” ಎಂದಳು ಹೆಂಡತಿ ನೀಲಮ್ಮ.

“ಕಾರ್ಬನ್ ಕಾಗದ ತಂದೀನಿ. ಒಮ್ಮಿ ಬರದ್ರ ಮೂರು!”

ಶನಿವಾರ ಬೆಳಿಗ್ಗೆ ಸರಿಯಾಗಿ ಏಳಕ್ಕೆ ಮೂರು ಹಾಳೆ ಜೋಡಿಸಿ ನಡುವೆ ಎರಡು ಕಾರ್ಬನ್ ಇಟ್ಟೆ. ಕಾರ್ಬನ್ನಿಗೆ ಒಂದು ಮಗ್ಗುಲು ಮಂಕು, ಒಂದು ಮಗ್ಗುಲು ಹೊಳಪು. ಹೊಳೆಯುವ ಮುಖ ಮೇಲಿರುವುದೇ ಮರ್ಯಾದೆ ಎಂದು ಹಾಗೆಯೇ ಇಟ್ಟೆ. ಒತ್ತಿ ಬರೆದೆ; ಶಾಂತಾಳ ಸಹಿಯನ್ನೂ ಒತ್ತಿ ಹಾಕಿಸಿದೆ. ಕಾರ್ಬನ್ನುಗಳನ್ನು ಹಾಗೆಯೇ ಎಳೆದು ತೆಗೆದು, ಶಬ್ದದ ಗೌರವಾರ್ಥ ಮೂರೂ ಹಾಳೆಗಳನ್ನು ಕೂಡಿಸಿ ಮೂರು ಮಡಿಕೆ ಮಾಡಿ, ಲಕೋಟೆಗೆ ಅಂಟು ಹಚ್ಚಿದೆ.

“ಒಮ್ಮಿ ತೆರದು ನೋಡ್ರಿ,” ಎಂದಳು ನೀಲಮ್ಮ.

“ನನ್ನ ಕೆಲಸದಾಗ ನೋಡೂದೇನದ?”

ಶಾಂತಾಳೊಡನೆ ಹುಮನಾಬಾದಿನ ಕಚೇರಿ ಮುಟ್ಟಿದಾಗ ಮೂರೂಕಾಲು. ಉರ್ದು ಕಾಲದಿಂದಲೂ ಇದ್ದ ಗುಮಾಸ್ತ ಮೀರ್ ಸಾಹೇಬರು ಲಕೋಟೆ ಒಡೆದರು. ಮೊದಲ ಹಾಳೆ ಚೆನ್ನಾಗಿತ್ತು. ತಿರುವಿದರೆ ಅದರ ಬೆನ್ನ ಮೇಲೆ ಇಡೀ ಅರ್ಜಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು! ಎರಡನೆಯದರ ಮುಖ ಖಾಲಿ, ಬೆನ್ನು ತಿರುಗುಮುರುಗು. ಮೂರನೆಯದು ಒಗೆದ ಧೋತರದಂತೆ ಬೆಳ್ಳಗೆ!

“ಮಾಸ್ತರ್ ಸಾಬ್, ಒಂದು ಸೀದಾ, ಒಂದು ಉಲ್ಟಾ, ಒಂದು ಖಾಲಿ!” ಎಂದು ಎರಡನೆಯದನ್ನು ಬೆಳಕಿಗೆ ಹಿಡಿದರು. “ಉರ್ದು ಹಂಗ ಬಲದಿಂದ ಎಡಕ್ಕ ಬರದೀರಿ. ಹೋದ ವರ್ಷ ತಂದಿದ್ರ ನಡೀತಿತ್ತೇನೋ!”

ಕಚೇರಿಯೆಲ್ಲ ನಕ್ಕಿತು. ಮಾನ ಉಳಿಸಿಕೊಳ್ಳಲು ನಾನು ಟ್ರಿಪಲ್‌ನ ವಂಶಾವಳಿ ಹೇಳತೊಡಗಿದೆ. ಸಾಹೇಬರಿಗೂ ರುಚಿ ಹತ್ತಿತು.

“ನಮ್ಮ ಉರ್ದುದಾಗ ಅದಕ್ಕ ತಿಹ್ರಾ ಅಂತೀವ್ರಿ.”

“ಹೌದೇನ್ರಿ! ಅದರಾಗೂ ಮಡಿಕಿ ಅದ ಏನು?”

ಇಬ್ಬರೂ ಮೇಜಿನ ಮೇಲೆ ಬಾಗಿದೆವು. ನಾಲ್ಕಕ್ಕೆ ಐದೇ ನಿಮಿಷ!

“ಅಪ್ಪಾ, ಸ್ವಲ್ಪ ಸರೀರಿ.” ಶಾಂತಾ ತನ್ನ ಚೀಲದಿಂದ ಮೂರು ಹಾಳೆ ತೆಗೆದಿಟ್ಟಳು. ಮೂರೂ ದುಂಡಗೆ, ಮೂರೂ ಸೀದಾ. ಮೀರ್ ಸಾಹೇಬರು ಠಪ್ಪೆಂದು ಮೂರು ಸಲ ಮುದ್ರೆ ಒತ್ತಿದರು.

“ಇವು ಯಾವಾಗ ಬರದಿ?”

“ಬುಧವಾರ. ನೀವು ಲ್ಯಾಟಿನ್‌ದಾಗ ಇದ್ರಿ. ಅವ್ವ ಬರಿ ಅಂದ್ಳು.”

ಮುಂದೆ ಶಾಂತಾಳಿಗೆ ಕೆಲಸ ಸಿಕ್ಕಿತು. ನನ್ನ ಮೂರು ಹಾಳೆಗಳನ್ನು ಸಾಹೇಬರು ಅಂದೇ ಮರಳಿ ಕೊಟ್ಟಿದ್ದರು. ಮನೆಯಲ್ಲಿ ನೀಲಮ್ಮ ಅವನ್ನು ಬಿಡಿಸಿ, ಎರಡನ್ನು ಒಲೆಗೆ ಹಾಕಿ, ಮೂರನೆಯದನ್ನು ತಿರುವಿ ತಿರುವಿ ನೋಡಿದಳು.

“ಇದು ಚಲೋ ಅದರಿ. ಕಿರಾಣಿ ಯಾದಿ ಬರೀಲಿಕ್ಕ ಆಗ್ತದ.”

ಅಷ್ಟು ಒತ್ತಿ ಒತ್ತಿ ಬರೆದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ, ನಾನು ಏನೂ ಬರೆಯದ ಹಾಳೆ!