ಕೆಮ್ಮು ಇಲ್ಲದವರು ಬೇಕಾಗಿದ್ದಾರೆ

ಧೂಳಿಗೂ ಕೆಮ್ಮಿಗೂ ಏನು ಸಂಬಂಧ ಅಂತ ಮನೆಮನೆ ಸುತ್ತಿ ಕೇಳೋದು ನನ್ನ ಕೆಲಸ. ಕೆಮ್ಮು ಇದ್ದವರಿಗೆ ನಮ್ಮ ಭಾಷೆಯಲ್ಲಿ ‘ಕೇಸ್’ ಅಂತೀವಿ, ಇಲ್ಲದವರಿಗೆ ‘ಕಂಟ್ರೋಲ್’. ಈ ಎರಡು ಮಾತು ಕಟ್ಟಿಕೊಂಡು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ದಿನದಿಂದ ದಿನಕ್ಕೊಂದು ಫಜೀತಿ ತಪ್ಪಿಲ್ಲ.

೧. ಕೇಸ್

ಮಲಪನಗುಡಿಯ ರೈತರೊಬ್ಬರು ಎಲ್ಲ ಪ್ರಶ್ನೆಗೂ ಚೆನ್ನಾಗಿ ಉತ್ತರ ಕೊಟ್ಟರು. ಖುಷಿಯಲ್ಲಿ, “ನೀವೇ ನಮ್ಮ ಮೊದಲನೇ ಕೇಸ್ ರೀ” ಅಂದುಬಿಟ್ಟೆ. ಅವರ ಮುಖ ಇಳೀತು.

“ಕೆಮ್ಮಿದ್ದಕ್ಕೂ ಕೇಸ್ ಹಾಕ್ತಾರೇನ್ರೀ?”

ಅರ್ಧ ಗಂಟೆ ಸಮಜಾಯಿಷಿ ಕೊಟ್ಟೆ. ಕೊನೆಗೆ ಒಪ್ಪಿದರು. “ಆತು, ಹಾಕ್ಕೊಳ್ರಿ. ಬಾಜೂ ಮನ್ಯಾಗ ನಮ್ಮಣ್ಣ ಅದಾನ, ನನಗಿಂತ ಭಾಳ ಕೆಮ್ತಾನ. ಅವನ ಮ್ಯಾಲೂ ಒಂದು ಹಾಕ್ರಿ.”

೨. ಬೀಡಿ

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರನ್ನು ಬೀಡಿ ಸೇದ್ತೀರಾ ಅಂತ ಕೇಳಿದೆ.

“ಛೇ, ಮುಟ್ಟಂಗಿಲ್ರಿ.”

ಅಡುಗೆಮನೆಯಿಂದ ಅವರ ಹೆಂಡತಿ: “ಮುಟ್ಟಂಗಿಲ್ರಿ, ಬರೇ ಸೇದ್ತಾರ!”

ಏನಂತ ಬರೀಲಿ ಅಂದೆ. ಸಾಹುಕಾರರು ದನಿ ತಗ್ಗಿಸಿದರು. “ನಿಜ ಆಕಿ ಹೇಳಿದ್ದು. ಬರಿಯೋದು ನಾ ಹೇಳಿದ್ದು.”

೩. ಕಂಟ್ರೋಲ್

ಕೇಸ್ ಬೇಗ ಸಿಕ್ಕವು, ಕಂಟ್ರೋಲ್ ಸಿಗಲಿಲ್ಲ. ಕೆಮ್ಮಿಲ್ಲದವರು ಮನೆಯಲ್ಲಿ ಯಾಕೆ ಕೂತಿರ್ತಾರೆ, ದುಡಿಯೋಕೆ ಹೋಗಿರ್ತಾರೆ. ನಮ್ಮ ಮೇಡಂ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: “ಶನಿವಾರದೊಳಗೆ ಕಂಟ್ರೋಲ್ ಭರ್ತಿ ಆಗದಿದ್ದರೆ ನಿಮ್ಮನ್ನು ಕೆಲಸದಲ್ಲಿ ಮುಂದುವರಿಸೋಕಾಗಲ್ಲ.” ಎರಡು ದಿನ ಊಟ ಸೇರಲಿಲ್ಲ.

ಸಂಡೂರು ಕಡೆಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಧೈರ್ಯ ಕೊಟ್ಟರು. “ಚಿಂತಿ ಬ್ಯಾಡ್ರಿ, ಪಂಚಾಯ್ತಿ ಮುಂದ ಕಂಟ್ರೋಲ್ ಐತಿ ಅಂತ ಮನಿಮನಿಗೆ ಹೇಳ್ತೀನಿ.”

ಶನಿವಾರ ಹೋದರೆ ಊರಿಗೆ ಊರೇ ಸಾಲುಗಟ್ಟಿತ್ತು! ಎಲ್ಲರ ಕೈಯಲ್ಲೂ ಚೀಲ. ಸಂತೋಷದಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ. ಮೊದಲ ಅಜ್ಜಿಯನ್ನು ತೂಕದ ಮಷೀನ್ ಮೇಲೆ ನಿಲ್ಲಿಸಿ, “ನಲವತ್ತೆರಡು ಕೆಜಿ” ಅಂದೆ. ಅಜ್ಜಿ ಚೀಲದ ಬಾಯಿ ಅಗಲಿಸಿದಳು.

“ಹಾಕಪ್ಪ ಮತ್ತ!”

ಆಗ ಹೊಳೀತು. ಅಲ್ಲಿನ ಹಿರಿಯರಿಗೆ ಕಂಟ್ರೋಲ್ ಅಂದರೆ ರೇಷನ್ ಅಕ್ಕಿ.

“ಅಕ್ಕಿ ಇಲ್ಲ ಯಮ್ಮಾ. ಕೆಮ್ಮಿದ್ದವರಿಗೆ ಆಸ್ಪತ್ರೆ ಚೀಟಿ ಕೊಡ್ತೀವಿ, ಅಷ್ಟೇ” ಅಂದೆ. ಬಂದದ್ದಕ್ಕೆ ಚೀಟಿಯಾದರೂ ಇರಲಿ ಅಂತ ಸಾಲಿಗೆ ಸಾಲೇ ಕೆಮ್ಮತೊಡಗಿತು. ಅಷ್ಟರಲ್ಲಿ ಮೇಡಂ ಫೋನು.

“ಕಂಟ್ರೋಲ್ ಏನಾಯ್ತು?”

“ತಪ್ಪಿದೆ ಮೇಡಂ.”

ನನ್ನ ಮುಖ ನೋಡಿ ಅಜ್ಜಿ ಏನಾತು ಅಂದಳು. ಕೆಮ್ಮಿಲ್ಲದವರು ಸಿಗದಿದ್ದರೆ ಇವತ್ತಿಗೆ ನನ್ನ ಕೆಲಸ ಹೋಯ್ತು ಅಂದೆ. ಆಕೆ ಸಾಲಿನ ಕಡೆ ತಿರುಗಿದಳು. “ಲೇ, ಬಾಯಿ ಮುಚ್ಚ್ರಲೇ! ಹುಡುಗನ ಅನ್ನಕ್ಕ ಕಲ್ಲು ಹಾಕ್ತೀರೇನು?”

ಕೆಮ್ಮು ಗಪ್ಪಾಯಿತು. ಒಬ್ಬೊಬ್ಬರೇ ಬಂದು ನಿಜ ಹೇಳಿ ಬರೆಸಿದರು. ಕೊನೆಯ ಅಜ್ಜನಿಗೆ ಮಾತ್ರ ಖರೇನೇ ಕೆಮ್ಮು. ಬಾಯಿಗೆ ಟವೆಲು ಒತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ.

“ತಡೀಬ್ಯಾಡಜ್ಜಾ, ಕೆಮ್ಮು” ಅಂದೆ.

ತಲೆ ಅಲ್ಲಾಡಿಸಿ ಫಾರಂ ಕಡೆ ಬೆರಳು ತೋರಿಸಿದ.

“ಮೊದ್ಲು ಇಲ್ಲಂತ ಬರ್ಕೋ. ಆಮ್ಯಾಲೆ ಕೆಮ್ತೀನಿ.”