ಟವಲಿನ ಒಳಗಿನ ಪಗಾರ

ಮೌನೇಶ್ವರಿ: ಅಪ್ಪಾ, "ಒದಿಯಂಗಿಲ್ಲ, ಹಾಯಂಗಿಲ್ಲ" ಅಂತ ಬರ್ದಿಯಲ್ಲ, ನಾ ಏನ್ ಎಮ್ಮಿ ಅದೀನೇನು?

ಮರಿಲಿಂಗಪ್ಪ: ಮತ್ತ ಒದೀತಿಯೇನು? ಇಲ್ಲಲ್ಲ! ಇದ್ದದ್ದ ಬರ್ದೀನಿ.

ಮರಿಲಿಂಗಪ್ಪ ಶಹಾಪುರದ ದನದ ಸಂತೆಯಲ್ಲಿ ಮೂವತ್ತು ವರ್ಷದಿಂದ ದಲ್ಲಾಳಿ. ಮಗಳು ಮೌನೇಶ್ವರಿ ಭೀಮರಾಯನಗುಡಿಯಲ್ಲಿ ಕೃಷಿ ಓದಿ, ಎರಡು ವರ್ಷದಿಂದ ಲಿಂಕ್ಡ್‌ಇನ್‌ನಲ್ಲಿ ನೌಕರಿ ಹುಡುಕುತ್ತಿದ್ದಳು. ಅಲ್ಲಿ ನಾಲ್ಕು ನೂರು ಮಂದಿಯ ಪರಿಚಯ ಮಾಡಿಕೊಂಡಿದ್ದಳು. ಕೆಲಸ ಕೊಡುತ್ತೇನೆಂದವನು ಒಬ್ಬನೂ ಇಲ್ಲ. "ನಿಮ್ಮನ್ನು ಬಲ್ಲವರಿಂದ ಎರಡು ಮಾತು ಬರೆಸಿ" ಎಂದು ಅದು ದಿನಾ ಜೀವ ತಿನ್ನುತ್ತಿತ್ತು. ಬೇರೆ ಯಾರೂ ಸಿಗದೆ ತಾನೇ ಅಪ್ಪನ ಹೆಸರಿನಲ್ಲೊಂದು ಖಾತೆ ತೆರೆದು ಕೊಟ್ಟಳು. ಕೊಡಬಾರದಿತ್ತು. ಫೋನಿಗೆ ಬಾಯಿ ಹಚ್ಚಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಆ ಮನುಷ್ಯನನ್ನು ಹಿಡಿಯುವವರು ಯಾರು?

ಮೌನೇಶ್ವರಿ: ಕೇಳವ್ವಾ, ನಿನ್ನ ಗಂಡ ಬರ್ದದ್ದು! "ಈಕಿ ನನ್ನ ಕಣ್ಣ ಮುಂದ ಹುಟ್ಟಿ ಬೆಳದಾಕಿ. ಸಾಧು ಸ್ವಭಾವ. ಒದಿಯಂಗಿಲ್ಲ, ಹಾಯಂಗಿಲ್ಲ. ಹೊಸ ಜಾಗಾಕ್ಕ ಲಗೂ ಹೊಂದ್ಕೊಂತಾಳ. ದೋಷ ಒಂದ: ಮುಂಜಾನಿ ಎಂಟರ ತನಕ ಏಳಂಗಿಲ್ಲ. ಬೇಕಾದವ್ರು ಬಂದು ನೋಡ್ಕೊಂಡು ಹೋಗ್ರಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಾನಮ್ಮ ಕೈ ನಿಲ್ಲಿಸಲಿಲ್ಲ.

ಮಾನಮ್ಮ: ಎಂಟಲ್ಲ, ಎಂಟೂವರಿ.

ಮೌನೇಶ್ವರಿ: ಅವ್ವಾ!

ಮರಿಲಿಂಗಪ್ಪ: ಅದು ನಮ್ಮ ಧಂದೆದ ಗುಟ್ಟು, ಯವ್ವಾ. ಒಂದು ದೋಷ ನಾವಾಗೇ ಹೇಳಿಬಿಡ್ಬೇಕು. ಹೇಳಿದ್ರ, ತಗೊಳ್ಳಾವ ಉಳಿದದ್ದು ಹುಡುಕಂಗಿಲ್ಲ.

ಮೌನೇಶ್ವರಿ: ಉಳಿದದ್ದಾ? ನಂದು ಉಳಿದದ್ದು ಏನದ?

ಮರಿಲಿಂಗಪ್ಪ: ಹೇಳ್ಲೇನ?

ಮಾನಮ್ಮ: ಸುಮ್ನಿರ್ರಿ. ನಾಕಕ್ಕ ಇಂಟರ್ವ್ಯೂ ಅದ, ಅಷ್ಟೊತ್ತಿಗೆ ಮುಗಿಯಂಗಿಲ್ಲ.

ಮೌನೇಶ್ವರಿ: ಅದು ಇರಲಿ. ನನ್ನ ಫೋಟೋ ಯಾಕ ಬದಲಿ ಮಾಡಿಸ್ದಿ? ಆ ಫೋನ್ ಅಂಗಡಿ ಭೀಮೂನ ಕೈಲೆ ಮಾಡಿಸೀ ಅಂತ ಗೊತ್ತಾಗ್ಯದ!

ಮರಿಲಿಂಗಪ್ಪ: ಬಾಯಿ ಮುಚ್ಕೊಂಡು ನಿಂತಿದ್ದಿ ಅದರಾಗ. ಹಲ್ಲು ಕಾಣಲಾರದ ಯಾರ್ ತಗೊಂತಾರ?

ಮೌನೇಶ್ವರಿ: ಅದಕ್ಕಂತ ನಾ ಆಕಳಿಸೋ ಫೋಟೋ?

ಮರಿಲಿಂಗಪ್ಪ: ಒಂದೂ ಹುಳುಕಿಲ್ಲ! ಸಾವಿರದ ಮ್ಯಾಲ ಮಂದಿ ಮೆಚ್ಯಾರ!

ಅದಂತೂ ಖರೆ. ಎರಡು ವರ್ಷ ಮೌನೇಶ್ವರಿ ಇಂಗ್ಲಿಷಿನಲ್ಲಿ ತಿದ್ದಿ ತಿದ್ದಿ ಬರೆದದ್ದಕ್ಕೆ ಐದು ಲೈಕು ಬಿದ್ದರೆ ದೊಡ್ಡದು. ಅಪ್ಪನ ಆ ನಾಲ್ಕು ಸಾಲು ಕಲಬುರಗಿಯ ಹಾಲಿನ ಕಂಪನಿಯೊಂದರ ಸಾಹೇಬನ ತನಕ ಹೋಗಿತ್ತು. ಯಾದಗಿರಿ, ಸುರಪುರ ಸುತ್ತಿ ರೈತರನ್ನು ಮಾತಾಡಿಸುವ ಕೆಲಸ. ಈ ಕರೆ ತಪ್ಪಿದರೆ ಮತ್ತೆ ಯಾವಾಗಲೋ! ಅಪ್ಪನನ್ನು ಓಣಿಯಾಚೆ ಕಳಿಸೋಣವೆಂದರೆ, ಮನೆಯಲ್ಲಿ ಸಿಗ್ನಲ್ ಸಿಗುವುದು ಅವನ ಮಂಚದ ಮೇಲೆ ಮಾತ್ರ. ಅವನೋ ಅಲ್ಲಿಂದ ಏಳುವ ಪೈಕಿಯಲ್ಲ.

ಮೌನೇಶ್ವರಿ: ಕುಂದರು. ಆದ್ರ ಪಿಟಕ್ ಅನ್ನಬ್ಯಾಡ. ನನ್ನ ಮ್ಯಾಲ ಆಣಿ.

ಮರಿಲಿಂಗಪ್ಪ: ಅನ್ನಂಗಿಲ್ಲ ತಗಾ.

ಸರಿಯಾಗಿ ನಾಲ್ಕಕ್ಕೆ ಫೋನಿನಲ್ಲಿ ಸುನೀಲಕುಮಾರ ಸಾಹೇಬನ ಮುಖ ಮೂಡಿತು.

ಸುನೀಲಕುಮಾರ: ನಮಸ್ಕಾರ್ರಿ. ಮೊದಲಿಗೆ ನಿಮ್ಮದೊಂದು ದೋಷ ಹೇಳ್ರಿ.

ಮೌನೇಶ್ವರಿ: ಕೆಲಸ ಹಿಡದ್ನೆಪ್ಪಾ ಅಂದ್ರ ನನಗ ಊಟ, ನಿದ್ದಿ ನೆನಪಾಗಂಗಿಲ್ರಿ ಸರ್. ಅದ ನನ್ನ ದೋಷ.

ಸುನೀಲಕುಮಾರ: ನಿದ್ದಿ ಏನ್ರಿ? ಇಲ್ಲಿ ಎಂಟರ ತನಕ ಅಂತ ಬರ್ದದಲ್ಲ?

ಮೌನೇಶ್ವರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಪ್ಪನ ಕಡೆ ಕಣ್ಣು ಕೆಂಪಗೆ ಮಾಡಿ ನೋಡಿದಳು. ಅವನು ಮಾಳಿಗೆಯ ಜಂತಿ ಎಣಿಸುತ್ತಿದ್ದ.

ಸುನೀಲಕುಮಾರ: ಅಂಜಬ್ಯಾಡ್ರಿ. ಮುಂಜಾನಿಂದ ಇಪ್ಪತ್ತು ಮಂದೀನ ಮಾತಾಡಿಸೀನಿ, ಎಲ್ಲಾರೂ ಊಟ ನಿದ್ದಿ ಬಿಟ್ಟವರ. ಇವ್ರನ್ನ ಕಟ್ಕೊಂಡು ದವಾಖಾನಿ ತೆರೀಲೇನ್ರಿ ನಾ? ಇರ್ಲಿ. ಒಂದು ಎಮ್ಮಿ ಮೈ ಮುಟ್ಟಗೊಡವಲ್ದು, ಏನ್ ಮಾಡ್ತೀರಿ?

ಮೌನೇಶ್ವರಿ: ಎದುರಿಗೆ ಹೋಗಂಗಿಲ್ರಿ, ಮಗ್ಗಲಿಂದ ಹೋಗ್ತೀನಿ. ಮಾತಾಡ್ಕೋತ ಕೊರಳ ಕೆಳಗ ಕೆರೀತೀನಿ. ಅದು ಕಿವಿ ಇಳಿಸಿದ ಮ್ಯಾಲ ಮುಂದಿನ ಕೆಲಸ.

ಇದು ಯಾವ ಪುಸ್ತಕದ್ದೂ ಅಲ್ಲ, ಸಣ್ಣವಳಿದ್ದಾಗ ಅಪ್ಪನ ಬೆನ್ನು ಹತ್ತಿ ಸಂತೆ ತಿರುಗಿ ಕಲಿತದ್ದು. ಮರಿಲಿಂಗಪ್ಪನ ಎದೆ ಉಬ್ಬಿತು. ಆಣೆಯ ನೆನಪಾಗಿ ಮೀಸೆಯನ್ನಷ್ಟೇ ತಿರುವಿಕೊಂಡ.

ಸುನೀಲಕುಮಾರ: ಭೇಷ್! ಪಗಾರ ಎಷ್ಟ್ ಬೇಕ್ರಿ?

ಮರಿಲಿಂಗಪ್ಪ: ತಡೀರಿ, ತಡೀರಿ!

ಹೆಗಲ ಮೇಲಿನ ಟವಲು ಹಾರಿ ಬಂದು ಫೋನಿನ ಮೇಲೆ ಬಿತ್ತು. ಮರಿಲಿಂಗಪ್ಪ ಅದರ ಕೆಳಗೆ ಕೈ ತೂರಿಸಿದ.

ಸುನೀಲಕುಮಾರ: ಹಲೋ? ಕತ್ತಲಾತಲ್ರಿ!

ಮರಿಲಿಂಗಪ್ಪ: ಆಗಬೇಕ್ರಿ ಸಾಹೇಬ್ರ. ರೇಟು ಬಾಯಿಲೆ ಒದರೂದು ಮರ್ಯಾದಿ ಏನ್ರಿ?

ದನದ ಸಂತೆಯ ಪದ್ಧತಿಯೇ ಹಾಗೆ. ಕೊಡುವವನು, ಕೊಳ್ಳುವವನು ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಅದು ತಿಳಿಯಬಾರದು.

ಸುನೀಲಕುಮಾರ: ನನಗ ಏನೂ ಕಾಣವಲ್ದು!

ಮರಿಲಿಂಗಪ್ಪ: ಕಾಣಬಾರ್ದಂತನ ಹಾಕೀನ್ರಿ. ನೀವೂ ಕೈ ತರ್ರಿ ಒಳಗ.

ಸುನೀಲಕುಮಾರ: ನಾ ಕಲಬುರಗ್ಯಾಗ ಅದೀನ್ರಿ!

ಮರಿಲಿಂಗಪ್ಪ: ಅವಸರ ಇಲ್ರಿ, ನಿಧಾನಕ್ಕ ತರ್ರಿ.

ಮೌನೇಶ್ವರಿಗೆ ನಾಚಿಕೆಗೆ ಅಳುವೇ ಬಂತು. ಟವಲನ್ನು ಕಿತ್ತು ಮೂಲೆಗೆ ಒಗೆದಳು.

ಮೌನೇಶ್ವರಿ: ತಪ್ಪಾತ್ರಿ ಸರ್! ಇಪ್ಪತ್ತು ಸಾವಿರ ಕೊಟ್ರ ಸಾಕ್ರಿ!

ಸುನೀಲಕುಮಾರ: ಕೊಟ್ಟೆ. ಸೋಮವಾರ ಬರ್ರಿ.

ಸಾಹೇಬ ಅಷ್ಟಂದವನೇ ಕುರ್ಚಿಯಿಂದ ಎದ್ದ. ಮೌನೇಶ್ವರಿ ಫೋನನ್ನು ಮಂಚದ ಮೇಲೆ ಹಾಗೇ ಬಿಟ್ಟು ಅವ್ವನ ಹಿಟ್ಟಿನ ಕೈ ಹಿಡಿದು ಕುಣಿದಳು. ಎರಡು ವರ್ಷದ ಸಂಕಟ ಒಂದೇ ಸಲಕ್ಕೆ ಕಣ್ಣಲ್ಲಿ ಇಳಿಯಿತು. ಮರಿಲಿಂಗಪ್ಪ ಮಾತ್ರ ಹಣೆ ಬಡಿದುಕೊಂಡ.

ಮೌನೇಶ್ವರಿ: ಕೆಲಸ ಸಿಕ್ತಪ್ಪಾ! ಯಾಕ ಹಿಂಗ ಕುಂತಿ?

ಮರಿಲಿಂಗಪ್ಪ: ಒಂದ ಉಸುರಿಗೆ ಹೂಂ ಅಂದನಲ್ಲ, ಎಷ್ಟ್ ಕಡಿಮಿ ಹೇಳಿರ್ಬೇಕು ನೀ! ತಗೊಳ್ಳಾವ ಒಲ್ಲೆ ಅಂತ ಹತ್ತು ಹೆಜ್ಜಿ ಹೋಗ್ಬೇಕು, ತಿರುಗಿ ಬರ್ಬೇಕು. ಅಂದ್ರ ಅದು ಖರೇ ರೇಟು.

ಮೌನೇಶ್ವರಿ: ಇದು ಸಂತಿ ಅಲ್ಲಪ್ಪಾ, ಕಂಪನಿ! ಅವ್ರು ಓದಿದವ್ರು, ಹಂಗೆಲ್ಲಾ ಮಾಡಂಗಿಲ್ಲ.

ಅಷ್ಟರಲ್ಲಿ ಮಂಚದ ಮೇಲಿನ ಫೋನು ಮಾತಾಡಿತು. ಸುನೀಲಕುಮಾರ ಕರೆ ಕಡಿಯುವುದನ್ನು ಮರೆತಿದ್ದ. ಅಲ್ಲಿ ತನ್ನ ಮೇಲಿನ ಸಾಹೇಬನಿಗೆ ಹೇಳುತ್ತಿದ್ದ.

ಸುನೀಲಕುಮಾರ: ಮುಗೀತ್ರಿ ಸಾಹೇಬ್ರ. ನೀವು ಮೂವತ್ತರ ತನಕ ಹೋಗು ಅಂದಿದ್ರಿ, ಇಪ್ಪತ್ತಕ್ಕ ಕೆಡವೀನಿ! ಆ ಮುದುಕಪ್ಪಂದ ಅಂಜಿಕಿ ಇತ್ತು. ಪುಣ್ಯಾಕ್ಕ ಹುಡುಗೀನೇ ಟವಲ್ ಕಿತ್ತಳು.

ಮರಿಲಿಂಗಪ್ಪ ಮಗಳ ಮುಖ ನೋಡಿದ. ಮೌನೇಶ್ವರಿ ಮೂಲೆಗೆ ಹೋಗಿ ಟವಲು ಎತ್ತಿಕೊಂಡಳು. ಒಂದು ಸಲ ಝಾಡಿಸಿದಳು. ಫೋನಿನ ಮೇಲೆ ನೆಟ್ಟಗೆ ಹೊದಿಸಿ, ಒಳಗೆ ಕೈ ಇಟ್ಟಳು.

ಮೌನೇಶ್ವರಿ: ಸುನೀಲಕುಮಾರ ಸರ್, ಎಲ್ಲಿ ಹೊಂಟ್ರಿ? ವ್ಯಾಪಾರ ಇನ್ನಾ ಮುಗದಿಲ್ಲ. ಕೈ ತರ್ರಿ ಒಳಗ.