ಮಜ್ಜಿಗೆ ಕುಡಿದು ಬರೆದ ನಲವತ್ತೊಂದನೆಯ ಪುಟ

ದೊಡ್ಡಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು
ಫೆಬ್ರವರಿ ೧೯೦೯

‘ಗ್ರಾಮಾಂತರ ಯುವಕರ ಜೀವನ ಮತ್ತು ಮನೋಧರ್ಮ’ ಎಂಬ ಉದ್ಗ್ರಂಥದ ಕರ್ತೃಗಳೂ, ಒಂದೇ ಹಗಲಿನಲ್ಲಿ ಇಪ್ಪತ್ತಮೂರು ಜನರ ಅಂತರಂಗವನ್ನು ಅರಿತವರೂ ಆದ ಮಹಾವಿದ್ವಾಂಸರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕ್ಷೇಮವನ್ನೂ, ತಮ್ಮ ಕುಟುಂಬದವರ ಕ್ಷೇಮವನ್ನೂ, ನಮ್ಮ ತಲೆಗಳನ್ನು ಅಳೆದ ಆ ಹಿತ್ತಾಳೆ ಇಕ್ಕಳದ ಕ್ಷೇಮವನ್ನೂ ಭಕ್ತಿಯಿಂದ ಹಾರೈಸಿ ಈ ಪತ್ರ ಆರಂಭಿಸುತ್ತೇನೆ. ನನ್ನ ಹೆಸರು ತಮಗೆ ನೆನಪಿರಲಾರದು, ಏಕೆಂದರೆ ತಾವು ಅದನ್ನು ಕೇಳಲಿಲ್ಲ. ತಮ್ಮ ಗ್ರಂಥದಲ್ಲಿ ನಾನು ಹದಿನೇಳನೆಯ ಯುವಕ. ಊರಿನಲ್ಲಿ ಮಾತ್ರ ಕಾಟಪ್ಪನ ಮಗ ಸೂರಪ್ಪ ಎನ್ನುತ್ತಾರೆ. ಕೂಲಿಮಠದಲ್ಲಿ ನಾಲ್ಕಕ್ಷರ ಕಲಿತು, ಚಳ್ಳಕೆರೆ ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಕುಳಿತು ಅವರಿವರ ಅರ್ಜಿ ಬರೆದುಕೊಡುವುದು ನನ್ನ ಕಸುಬಾದ್ದರಿಂದ ವಿನಯದ ಮಾತು ಕೈಗೆ ಚೆನ್ನಾಗಿ ಬಂದಿದೆ. ಮನಸ್ಸಿಗೆ ಎಷ್ಟು ಬಂದಿದೆ ಎಂಬುದನ್ನು ಪತ್ರ ಮುಗಿಯುವ ಹೊತ್ತಿಗೆ ತಾವೇ ಅಳೆದುಕೊಳ್ಳಬಹುದು.

ಹೋದ ಬೇಸಿಗೆಯಲ್ಲಿ ತಾವು ನಮ್ಮೂರಿಗೆ ದಯಮಾಡಿಸಿದ ದಿನವನ್ನು ಮರೆಯುವುದು ಹೇಗೆ? ದನ ಮೇಯುವ ಕಾವಲಿನ ಬಯಲಿನ ಬಿಸಿಲಲ್ಲಿ ಬೆಂದು ಗಾಡಿಯಿಂದ ಇಳಿದ ತಮ್ಮ ಮುಖ ನೋಡಿ ನಮ್ಮವ್ವ ಲಕ್ಷ್ಮಕ್ಕ, ತಾವು ಯಾರು, ಏಕೆ ಬಂದಿರಿ ಎಂದು ಕೂಡ ವಿಚಾರಿಸದೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ತಾವು ಅದನ್ನು ಒಂದೇ ಉಸಿರಿಗೆ ಕುಡಿದು, ಇನ್ನೊಂದು ಚೊಂಬು ಕೇಳಿ ಕುಡಿದು, ಮೀಸೆ ಒರೆಸಿಕೊಂಡು ಪ್ರಶ್ನೆಯ ಹಾಳೆ ಬಿಚ್ಚಿದಿರಿ. ತಮ್ಮ ಸಂಶೋಧನೆ ಆ ಎರಡು ಚೊಂಬಿಗೇ ಮುಗಿದುಹೋಗಿತ್ತು ಎಂಬುದು ಆಗ ತಮಗೂ ತಿಳಿಯಲಿಲ್ಲ, ನಮಗೂ ಹೊಳೆಯಲಿಲ್ಲ.

ಸಂಗತಿ ಇಷ್ಟೇ. ನಮ್ಮ ಕಡೆ ಹೊರಗಿನಿಂದ ಬಂದವರು ಒಂದು ಮನೆಯ ಮಜ್ಜಿಗೆ ಕುಡಿದರೆಂದರೆ, ಆ ದಿನ ಹೊತ್ತು ಮುಳುಗುವ ತನಕ ಅವರ ಮಾತಿಗೆ ಊರಿನವರು ಯಾರೂ ಇಲ್ಲ ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಇದು ನಮ್ಮ ಅಜ್ಜನ ಅಜ್ಜನ ಕಾಲದಿಂದ ಬಂದ ಕಟ್ಟು. ಇದಕ್ಕೆ ಹೆದರಿಯೇ, ಹಾಲು ಕರೆಯುವ ಎಮ್ಮೆಯ ಮೇಲೆ ಕಣ್ಣಿಟ್ಟು ಬರುವ ನೆಂಟರಿಗೆ ಜಾಣರು ಬರೀ ನೀರು ಕೊಟ್ಟು ಕೂರಿಸುವುದುಂಟು. ತಾವು ಎಮ್ಮೆ ಕೇಳುವವರಂತೆ ಕಾಣಲಿಲ್ಲ. ಹಾಗಾಗಿ ಮಜ್ಜಿಗೆ ಸಿಕ್ಕಿತು.

ಆಮೇಲೆ ನಡೆದದ್ದು ತಮ್ಮ ಗ್ರಂಥದಲ್ಲೇ ಇದೆ. ನಮ್ಮೂರಿನ ಇಪ್ಪತ್ತಮೂರು ಯುವಕರನ್ನು ಬೇವಿನಮರದ ಕೆಳಗೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನಿಗೂ ನೂರ ಹನ್ನೆರಡು ಪ್ರಶ್ನೆ ಹಾಕಿದಿರಿ. ಹಿರಿಯರ ಮಾತು ನಿಮಗೆ ಬೇಸರವೋ ಎಂದು ಕೇಳಿದಿರಿ, ಹೌದು ಎಂದೆವು. ಹಿರಿಯರ ಮಾತೆಂದರೆ ನಿಮಗೆ ಪ್ರೀತಿಯೋ ಎಂದು ಕೇಳಿದಿರಿ, ಹೌದು ಎಂದೆವು. ತಾವು ಎರಡನ್ನೂ ಬರೆದುಕೊಂಡು, ಈ ಸೀಮೆಯ ಯುವಕರು ‘ತೀವ್ರವಾದ ಆಂತರಿಕ ತುಮುಲದಿಂದ ಬಳಲುತ್ತಿದ್ದಾರೆ’ ಎಂದು ಹತ್ತೊಂಬತ್ತನೆಯ ಪುಟದಲ್ಲಿ ಮರುಗಿದ್ದೀರಿ. ತಮ್ಮ ಕರುಣೆ ದೊಡ್ಡದು. ಆ ಹೊತ್ತಿನಲ್ಲಿ ನಮಗಿದ್ದ ತುಮುಲ ಹಸಿವಿನದು ಮಾತ್ರ. ಮುದ್ದೆಯ ಹೊತ್ತು ಮೀರಿಹೋಗಿತ್ತು.

ತಲೆಯ ಅಳತೆಯ ವಿಷಯದಲ್ಲಿ ಒಂದು ಸಣ್ಣ ಮನವಿ. ತಾವು ಇಕ್ಕಳ ಹಿಡಿದು ನನ್ನ ತಲೆಯ ಉದ್ದಗಲ ತೆಗೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದ ನಮ್ಮವ್ವ, ಇದು ರುಮಾಲಿಗೆ ತೆಗೆದ ಅಳತೆ ಎಂದೇ ತಿಳಿದಿದ್ದಾಳೆ. ಅಲ್ಲ ಎಂದು ಎಷ್ಟು ಹೇಳಿದರೂ, “ತಲೆ ಅಳತೆ ತಗಂಡೋರು ರುಮಾಲು ಕಳ್ಸದಂಗೆ ಇರ್ತಾರೇನ್ಲೇ? ದೊಡ್ಡೋರು ಕಣ್ಲೇ ಅವರು” ಎಂದು ನನ್ನನ್ನೇ ಗದರುತ್ತಾಳೆ. ಮದುವೆಯ ಹೊತ್ತಿಗೆ ಬಂದರೆ ಸಾಕಂತೆ. ಇಪ್ಪತ್ತಮೂರು ತಲೆಗಳ ಅಳತೆ ತಮ್ಮ ಬಳಿ ಇರುವುದರಿಂದ ಹೆಚ್ಚು ಕಡಿಮೆಯಾಗುವ ಭಯವಿಲ್ಲ.

ಮದುವೆ ಎಂದೆನಲ್ಲ, ನನ್ನ ದೂರು ಅಲ್ಲಿಂದ ಶುರುವಾಗುತ್ತದೆ. ತಮ್ಮ ತೊಂಬತ್ತೊಂದನೆಯ ಪ್ರಶ್ನೆ ತಮಗೆ ನೆನಪಿದೆಯೇ? ‘ಮದುವೆಯಾದ ಮೇಲೆ ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಕೋಲಾರದ ಚಿನ್ನದ ಗಣಿಗೆ ಹೋಗಬೇಕೆಂಬ ಆಸೆ ಉಂಟೋ?’ ಮಜ್ಜಿಗೆಯ ಋಣಕ್ಕೆ ಬಿದ್ದ ನಾವು ಇಪ್ಪತ್ತಮೂರು ಜನವೂ ಹೌದು ಎಂದೆವು. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕ್ಯಾತಣ್ಣ, ಕಾವಲಿನಾಚೆ ಒಂದು ರಾತ್ರಿಯೂ ಮಲಗದವನು, ಅವನೂ ಹೌದು ಎಂದ, ಹೇಳಿ ಪಕ್ಕಕ್ಕೆ ಬಂದವನು, “ಗಣಿ ಅಂದ್ರೆ ಏನ್ಲಾ ಸೂರ?” ಎಂದು ನನ್ನನ್ನು ಕೇಳಿದ. ತಾವು ಅದನ್ನು ನಲವತ್ತೊಂದನೆಯ ಪುಟದಲ್ಲಿ ‘ದೊಡ್ಡಉಳ್ಳಾರ್ತಿಯ ಯುವಕರಲ್ಲಿ ಹೆಂಡತಿಯನ್ನು ತ್ಯಜಿಸಿ ಗಣಿಗೆ ತೆರಳುವ ಇಚ್ಛೆ ಇಲ್ಲದವನು ಒಬ್ಬನೂ ಇಲ್ಲ’ ಎಂದು ಅಚ್ಚು ಹಾಕಿಸಿದಿರಿ.

ನನಗೆ ಗೊತ್ತಾದ ಹೆಣ್ಣು ಯರ್ರಮ್ಮ, ರಾಂಪುರದ ನಮ್ಮ ಸೋದರಮಾವ ಪೆದ್ದಣ್ಣನ ಮಗಳು. ಚಿಕ್ಕಂದಿನಿಂದ ಆಡಿಕೊಂಡ ಸಂಬಂಧ. ಹೋದ ವರ್ಷ ತಾಂಬೂಲವೂ ಆಗಿತ್ತು. ದೀಪಾವಳಿಗೆ ಅಲ್ಲಿನ ಮೇಷ್ಟರೊಬ್ಬರು ತಮ್ಮ ಗ್ರಂಥವನ್ನು ತರಿಸಿ, ಊರ ಕಟ್ಟೆಯ ಮೇಲೆ ಕುಳಿತು ರಾಗವಾಗಿ ಓದುತ್ತ ನಲವತ್ತೊಂದನೆಯ ಪುಟಕ್ಕೆ ಬಂದಾಗ ಪೆದ್ದಣ್ಣಮಾವ ಎದುರಿಗೇ ಕುಳಿತಿದ್ದರು. ಇದೇ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದ್ದರೆ ಅವರು ನಕ್ಕು ನನ್ನ ತಲೆಗೆ ಮೊಟಕುತ್ತಿದ್ದರು. ಅಚ್ಚಾಗಿ ಬಂದದ್ದರಿಂದ ನಂಬಿದರು. ವಾರದೊಳಗೆ ತಾಂಬೂಲದ ತಟ್ಟೆ ಹಿಂದಕ್ಕೆ ಬಂತು, ಜೊತೆಗೆ ಒಂದು ಮಾತೂ ಬಂತು: “ವದ್ದು.” ಅವರ ಮನೆಯ ತೆಲುಗಿನಲ್ಲಿ ಹಾಗೆಂದರೆ ಬೇಡ ಎಂದು. ನಮ್ಮವ್ವ ತವರಿನಿಂದ ಬಂದ ಆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನೂ ಅತ್ತೆ, ಮಾನ್ಯರೇ. ಯುವಕರು ಅಳುವರೋ ಎಂಬ ಪ್ರಶ್ನೆ ತಮ್ಮ ಹಾಳೆಯಲ್ಲಿ ಇರಲಿಲ್ಲವಾದ್ದರಿಂದ ಈ ವಿವರವನ್ನು ನಾನಾಗಿಯೇ ಒದಗಿಸುತ್ತಿದ್ದೇನೆ.

ಆ ಪುಟವನ್ನು ತಿದ್ದುವಿರಾ ಎಂದು ತಮಗೆ ಆಗ ಮೂರು ಕಾಗದ ಬರೆದೆ. ತಾವು ಉತ್ತರಿಸಲಿಲ್ಲ. ನೂರ ಹನ್ನೆರಡು ಪ್ರಶ್ನೆಗಳಿಗೆ ನಾವು ನಿಂತ ನಿಲುವಿನಲ್ಲಿ ಉತ್ತರ ಕೊಟ್ಟದ್ದನ್ನು ನೆನೆದು, ನನ್ನ ಒಂದು ಪ್ರಶ್ನೆಗಾದರೂ ತಾವು ಕುಳಿತೇ ಉತ್ತರಿಸುವಿರೆಂದು ತಿಳಿದಿದ್ದು ನನ್ನ ತಪ್ಪು.

ಸಂಕ್ರಾಂತಿ ಕಳೆದ ಮೇಲೆ ಅಪ್ಪನೂ ನಾನೂ ಗಾಡಿ ಕಟ್ಟಿಕೊಂಡು ಎರಡು ದಿನ ನಡೆಸಿ ರಾಂಪುರಕ್ಕೆ ಹೋದೆವು. ಮಾವ ಬನ್ನಿ ಎಂದರು, ಜಗಲಿಯ ಮೇಲೆ ಕಂಬಳಿ ಹಾಸಿದರು, ಕಾಲಿಗೆ ನೀರು ಕೊಟ್ಟರು. ಮಜ್ಜಿಗೆ ಮಾತ್ರ ಬರಲಿಲ್ಲ. ಮಳೆಯ ಮಾತಾಯಿತು, ಎತ್ತಿನ ಮಾತಾಯಿತು, ನೆರಳು ಜಗಲಿ ಬಿಟ್ಟು ಅಂಗಳಕ್ಕಿಳಿಯಿತು, ಆದರೂ ಬರಲಿಲ್ಲ. ಅಪ್ಪ ಮೂರು ಸಲ ಕೆಮ್ಮಿದ. ಮಾವ ಆಕಾಶ ನೋಡಿದರು. ತಾವು ನಲವತ್ತು ಊರು ಸುತ್ತಿದರೂ ಅರಿಯದ ನಮ್ಮ ಕಟ್ಟನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರೆಂದರೆ, ಮಜ್ಜಿಗೆ ಕೊಡದೆ ಸ್ವಂತ ಬಾಯನ್ನು ‘ವದ್ದು’ ಎನ್ನಲು ಬಿಡುವಾಗಿ ಇಟ್ಟುಕೊಂಡಿದ್ದರು.

ಆಗ ಒಳಗಿನಿಂದ ಯರ್ರಮ್ಮ ಬಂದಳು. ತಾವು ಹೆಣ್ಣುಮಕ್ಕಳ ಬಗ್ಗೆ ‘ಇವರಿಂದ ಯಾವ ಅಭಿಪ್ರಾಯವೂ ದೊರೆಯಲಿಲ್ಲ’ ಎಂದು ಒಂದೇ ಸಾಲು ಬರೆದಿದ್ದೀರಿ. ಆ ಸಾಲಿಗೆ ಸೇರಿದವಳು ಇವಳು, ಅಪ್ಪನೆದುರು ತಲೆಯೆತ್ತಿ ಮಾತಾಡಿದವಳಲ್ಲ. ಕೈಯಲ್ಲಿ ಚೊಂಬಿತ್ತು. ಅದನ್ನು ಕೊಡಲಿಲ್ಲ, ಹಿಡಿದುಕೊಂಡೇ ನಿಂತು ನನ್ನನ್ನು ನೋಡಿ ಕೇಳಿದಳು, “ಬಾವ, ನನ್ನ ಇಲ್ಲೇ ಬಿಟ್ಟು ಗಣಿಗೆ ಹೋಗ್ತೀಯಾ?”

ನಾನು ಆ ಮನೆಯ ಮಗನಲ್ಲ, ಬಂದವನು. ನನ್ನ ಬಾಯಿಗೆ ಯಾವ ಕಟ್ಟೂ ಇರಲಿಲ್ಲ. “ಇಲ್ಲ” ಎಂದೆ. ಇಡೀ ವರ್ಷದಲ್ಲಿ ಯಾರಾದರೂ ನನ್ನಿಂದ ನಿಜ ಹೊರಡುವಂತೆ ಕೇಳಿದ್ದು ಅದೊಂದೇ ಸಲ.

ಅವಳು ಚೊಂಬನ್ನು ನಮ್ಮಪ್ಪನ ಕೈಗೆ ಕೊಟ್ಟು ಒಳಗೆ ಹೋದಳು. ಅಪ್ಪ ಅವಸರವಿಲ್ಲದೆ ಕುಡಿದು, ಚೊಂಬನ್ನು ಬೋರಲು ಹಾಕಿ, “ಪೆದ್ದಣ್ಣ, ಹುಡುಗೀನ ಕೊಡ್ತೀಯೇನಪ್ಪ?” ಎಂದ. ಮಾವ ಹೊತ್ತು ಎಲ್ಲಿದೆ ಎಂದು ನೋಡಿದರು. ಮುಳುಗಲು ಇನ್ನೂ ಎರಡಾಳು ಎತ್ತರವಿತ್ತು. “ಕೊಟ್ಟೆ ಕಣಪ್ಪ. ಮಜ್ಜಿಗೆ ಮಾತು ತಪ್ಪಂಗಿಲ್ಲ. ಆದ್ರೆ ನಾಕು ಜನದ ಮುಂದೆ ಅಚ್ಚಿನಾಗೆ ಓದಿದ್ದನ್ನ ಅಚ್ಚಿನಾಗೇ ಅಳಿಸ್ಬೇಕು. ಅಲ್ಲೀತಂಕ ಲಗ್ನ ಇಡಂಗಿಲ್ಲ” ಎಂದರು.

ಮಾನ್ಯರೇ, ಈಗ ನನ್ನ ಪ್ರಾರ್ಥನೆಗಳು ತೀರ ಚಿಕ್ಕವು. ತಮ್ಮ ಗ್ರಂಥ ಎಲ್ಲೆಲ್ಲಿ ಮಾರಾಟವಾಗಿದೆಯೋ ಅಲ್ಲಲ್ಲಿಗೆ ತಾವೇ ಗಾಡಿ ಕಟ್ಟಿಕೊಂಡು ಹೋಗಿ ನಲವತ್ತೊಂದನೆಯ ಪುಟವನ್ನು ಹರಿದು, ಆ ಜಾಗದಲ್ಲಿ ಕ್ಯಾತಣ್ಣನ ಎತ್ತುಗಳ ಅಭಿಪ್ರಾಯವನ್ನು ಅಂಟಿಸಬೇಕು. ಅವು ಯಾರಿಗೂ ಮಜ್ಜಿಗೆ ಕೊಡದವಾದ್ದರಿಂದ ಬೇಡವಾದದ್ದಕ್ಕೆ ನೇರವಾಗಿ ತಲೆಯಾಡಿಸುತ್ತವೆ. ಇದು ಕಷ್ಟವೆನಿಸಿದರೆ ತಮ್ಮ ತಲೆಯನ್ನು ಅದೇ ಇಕ್ಕಳದಿಂದ ಅಳೆದು ಮುಂದಿನ ಮುದ್ರಣದಲ್ಲಿ ಇಪ್ಪತ್ತನಾಲ್ಕನೆಯದಾಗಿ ಸೇರಿಸಬೇಕು. ಇದೂ ಆಗದಿದ್ದರೆ ಚಿಂತೆಯಿಲ್ಲ. ಮಾವ ಕೇಳಿದ್ದು ಅಚ್ಚಾದ ಮಾತನ್ನು. ಅದು ತಮ್ಮಿಂದಲೇ ಬರಬೇಕೆಂದು ಅವರು ಹೇಳಲಿಲ್ಲ. ಆದ್ದರಿಂದ ಈ ನಾಲ್ಕನೆಯ ಕಾಗದವನ್ನು ತಮ್ಮ ವಿಳಾಸಕ್ಕೆ ಹಾಕದೆ, ಪತ್ರಿಕೆಯಲ್ಲಿ ಅಚ್ಚಾಗಲೆಂದು ಸಂಪಾದಕರಿಗೆ ಕಳಿಸಿದ್ದೇನೆ, ಮತ್ತು ಅದೇ ಮೇಷ್ಟರು ಅದೇ ಕಟ್ಟೆಯ ಮೇಲೆ ಇದನ್ನು ರಾಗವಾಗಿ ಓದಲು ಒಪ್ಪಿದ್ದಾರೆ.

ಮೇಷ್ಟರು ಈ ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು: ದೊಡ್ಡಉಳ್ಳಾರ್ತಿಯ ಕಾಟಪ್ಪನ ಮಗ ಸೂರಪ್ಪನಿಗೆ ಯರ್ರಮ್ಮನನ್ನು ಬಿಟ್ಟು ಎಲ್ಲಿಗೂ ಹೋಗುವ ಆಸೆ ಇಲ್ಲ.

ಮಾವ, ಅಚ್ಚಾಯಿತು. ಲಗ್ನ ಇಡಿಸಿ.

ಇಪ್ಪತ್ತಮೂರರಲ್ಲಿ ಹದಿನೇಳನೆಯವನಾದ,
ತಮ್ಮ ವಿಶ್ವಾಸಿ,
ಸೂರಪ್ಪ

ತಾ.ಕ.: ಈ ಸಲ ಹೆಣ್ಣುಮಕ್ಕಳ ಮನೋಧರ್ಮವನ್ನು ಅರಿಯಲು ತಾವು ಮತ್ತೆ ನಮ್ಮ ಕಡೆ ಬರುವಿರೆಂದು ಕಚೇರಿಯಲ್ಲಿ ಕೇಳಿದೆ. ಅಗತ್ಯವಾಗಿ ಬನ್ನಿ. ಪ್ರಶ್ನೆ ಮೊದಲು, ಮಜ್ಜಿಗೆ ಆಮೇಲೆ ಎಂದು ಊರು ಸೇರಿ ತೀರ್ಮಾನಿಸಿದ್ದೇವೆ. ಆ ಹೊತ್ತಿಗೆ ಯರ್ರಮ್ಮ ನಮ್ಮ ಮನೆಯಲ್ಲಿರುತ್ತಾಳೆ, ಚೊಂಬು ಅವಳ ಕೈಯಲ್ಲಿರುತ್ತದೆ. ಅವಳೂ ತಮ್ಮನ್ನು ಒಂದೆರಡು ಪ್ರಶ್ನೆ ಕೇಳಬೇಕಂತೆ.